ನೋಂದಣಿಯಾಗದ ಮಾತು

ಊರಿನಿಂದ ಬರುವ ಫೋನಿನಲ್ಲಿ ಜಮೀನಿನ ಸುದ್ದಿ ಇದ್ದರೆ ಅದರಲ್ಲಿ 'ಸ್ಟೇ' ಅನ್ನುವ ಪದ ಒಮ್ಮೆಯಾದರೂ ಬಂದೇ ಬರುತ್ತದೆ. "ಅವರು ಸ್ಟೇ ತಂದಿದಾರಂತೆ", "ನಾವೂ ಒಂದು ಸ್ಟೇ ಹಾಕ್ಸೋಣ ಅಂತಿದೀವಿ." ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲೋ ಹೈದರಾಬಾದಿನ ಆಫೀಸಿನ ಮೆಟ್ಟಿಲ ಮೇಲೋ ನಿಂತು ಕೇಳಿಸಿಕೊಳ್ಳುವವರಿಗೆ ಅದು ತೀರ್ಪಿನ ಹಾಗೆಯೇ ಕೇಳಿಸುತ್ತದೆ. ತಂದವರು ಗೆದ್ದರು, ಎದುರಿನವರು ಸೋತರು. ಆದರೆ ಸಿವಿಲ್ ಕೋರ್ಟು ಮೊದಲಿಗೆ ಕೊಡುವ ತಾತ್ಕಾಲಿಕ ತಡೆಯಾಜ್ಞೆ ಜಮೀನು ಯಾರದು ಅಂತ ಹೇಳುವುದೇ ಇಲ್ಲ. ವಿಚಾರಣೆ ಮುಗಿಯುವ ತನಕ ಇದ್ದದ್ದು ಇದ್ದ ಹಾಗೆ ಇರಲಿ, ಸ್ವಲ್ಪ ತಾಳಿ ಅನ್ನುತ್ತದೆ, ಅಷ್ಟೆ.

ಆ 'ಸ್ವಲ್ಪ' ಎಷ್ಟು ಅನ್ನುವುದು ಬೇರೆ ಕಥೆ. ಎದುರಾಳಿಯ ಮಾತು ಕೇಳದೆ ಕೊಟ್ಟ ತಡೆಯಾಜ್ಞೆಯ ಅರ್ಜಿಯನ್ನು ಮೂವತ್ತು ದಿನಗಳೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದಲ್ಲೇ ಬರೆದಿದೆ. ತಾಲ್ಲೂಕು ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಇದನ್ನು ಗಟ್ಟಿಯಾಗಿ ಹೇಳಿದರೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿ ನಗುತ್ತಾರೆ.

ಈ ಬರಹದಲ್ಲಿ ನಾನು ಹಿಡಿದುಕೊಂಡಿರುವ ಪ್ರಶ್ನೆ, ಕಾನೂನಿನ ಪಕ್ಕದಲ್ಲಿಯೇ ಕೂತಿದ್ದರೂ ಕಾನೂನು ಉತ್ತರಿಸದೆ ಬಿಟ್ಟಿರುವ ಒಂದು ಪ್ರಶ್ನೆ. ಜಮೀನು ಮಾರುತ್ತೇನೆ ಎಂದು ಬರೆದುಕೊಟ್ಟ ಕರಾರು ನೋಂದಣಿಯಾಗಿಲ್ಲ. ಆ ಕಾರಣಕ್ಕೆ, ಅದರ ಆಧಾರದ ಮೇಲೆ ಕೇಳಿದ ತಡೆಯಾಜ್ಞೆಯನ್ನು ಕೋರ್ಟು ಕೊಡಲಿಲ್ಲ. ಹಾಗಾದರೆ ಬರೆದುಕೊಟ್ಟವರು, ಅಥವಾ ಅವರ ಮಕ್ಕಳು, ಆ ಮಾತಿನಿಂದ ಬಿಡುಗಡೆಯಾದರೇ?

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಕಲ್ಪಿತವಾದರೂ ಹಲವರಿಗೆ ಗುರುತು ಸಿಗಬಹುದು. ಹಾಸನದ ಕಡೆಯ ಒಂದು ಹಳ್ಳಿ. 1998ರಲ್ಲಿ ಅಲ್ಲಿನ ರೈತರೊಬ್ಬರು ತಮ್ಮ ಎರಡು ಎಕರೆಯನ್ನು ಪಕ್ಕದ ಹೊಲದವರಿಗೆ ಮಾರಲು ಒಪ್ಪಿದರು. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಫೀಸು ಕಟ್ಟಲು ಬೇರೆ ದಾರಿ ಇರಲಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಪೌತಿ ಖಾತೆ ಆಗಲಿ, ಆಮೇಲೆ ನೋಂದಣಿ ಮಾಡಿಸಿದರಾಯಿತು ಅಂದುಕೊಂಡರು. ಬಾಂಡ್ ಪೇಪರಿನ ಮೇಲೆ ಪತ್ರಬರಹಗಾರರು ಚಕ್ಕುಬಂದಿ ಸಮೇತ ಬರೆದರು: ಹಣ ಪೂರ್ತಿ ಸಂದಿದೆ, ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ತಾವು ಕೇಳಿದಾಗ ತಮ್ಮ ಖರ್ಚಿನಲ್ಲಿ ಕ್ರಯಪತ್ರ ಮಾಡಿಸಿಕೊಡುತ್ತೇನೆ. ಇಬ್ಬರು ಸಾಕ್ಷಿಗಳು ರುಜು ಹಾಕಿದರು. ಕೊಂಡವರು ತೆಂಗು ಹಾಕಿದರು, ಬೋರ್‌ವೆಲ್ ಕೊರೆಸಿದರು. ಆಮೇಲೆ ಪಹಣಿ ಮಾರಿದವರ ಹೆಸರಿಗೆ ಬಂತು. ಆದರೆ ದಿನಾ ಬೇಲಿಯಲ್ಲಿ ಮಾತಾಡುವ ಇಬ್ಬರ ನಡುವೆ ನೋಂದಣಿಯ ಮಾತು ಮತ್ತೆ ಏಳಲೇ ಇಲ್ಲ. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತದೆ ಎಂಬ ಸಂಕೋಚ ಒಬ್ಬರಿಗೆ. ಕೇಳಲಿಲ್ಲವಲ್ಲ ಎಂಬ ನಿರಾಳ ಇನ್ನೊಬ್ಬರಿಗೆ. ಇಪ್ಪತ್ತೈದು ವರ್ಷ ಕಳೆಯಿತು. ಮಾರಿದವರು ತೀರಿಕೊಂಡರು. ಊರ ಪಕ್ಕ ಹೆದ್ದಾರಿ ಬಂತು. ಪುಣೆಯಲ್ಲಿರುವ ಮಗ ಪೌತಿ ಖಾತೆಗೆಂದು ಪಹಣಿ ತೆಗೆಸಿದರೆ ಎರಡು ಎಕರೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ! ವಕೀಲರನ್ನು ಕೇಳಿದರೆ, "ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲ ಸಾರ್, ಅದಕ್ಕೆ ಬೆಲೆ ಇಲ್ಲ" ಎಂಬ ಉತ್ತರ. ಸರ್ವೆಯವರು ಬಂದು ಅಳತೆಯ ಸರಪಳಿ ಇಳಿಸುವ ಹೊತ್ತಿಗೆ ತೆಂಗು ನೆಟ್ಟವರು ತಡೆಯಾಜ್ಞೆ ಬೇಕೆಂದು ಕೋರ್ಟಿಗೆ ಹೋಗಿದ್ದಾರೆ.

"ಬೆಲೆ ಇಲ್ಲ" ಎಂಬ ಮಾತು ಅರ್ಧ ನಿಜ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ ಮಾರಾಟದ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಅದು ಮುಂದೆ ಮಾರುತ್ತೇನೆ ಎಂಬ ಭರವಸೆ. ಭರವಸೆಗೆ ಹಣ ತೆತ್ತು ನೆಲವನ್ನೂ ಹಿಡಿದವರ ಗತಿ ಏನು ಎಂಬ ಪ್ರಶ್ನೆ ಎದ್ದಾಗ 1929ರಲ್ಲಿ 53ಎ ಎಂಬ ಕಲಮು ಸೇರಿತು. ಬರೆದುಕೊಟ್ಟು, ಸ್ವಾಧೀನ ಕೊಟ್ಟ ಮೇಲೆ, ಕೊಂಡವರು ತಮ್ಮ ಪಾಲಿನ ಕರಾರು ನಡೆಸಲು ಸಿದ್ಧರಿರುವಾಗ, ನೋಂದಣಿಯಾಗಿಲ್ಲ ಎಂಬ ನೆಪ ಹೇಳಿ ಮಾರಿದವರು ಅವರನ್ನು ಎಬ್ಬಿಸುವಂತಿಲ್ಲ ಎಂದಿತು. ಕೋರ್ಟುಗಳು ಇದನ್ನು ಗುರಾಣಿ ಎಂದು ಕರೆಯುತ್ತ ಬಂದಿವೆ. ತಡೆದುಕೊಳ್ಳಬಹುದು, ಅದರಿಂದಲೇ ಮಾಲೀಕರಾಗಲು ಬರುವುದಿಲ್ಲ. 2001ರ ಸೆಪ್ಟೆಂಬರ್ 24ರಿಂದ ಈ ಗುರಾಣಿಗೂ ನೋಂದಣಿ ಬೇಕಾಯಿತು. ಅಂದರೆ ನಮ್ಮ ಕಾಗದದ ಮೇಲೆ 1998ರ ತಾರೀಖಿದ್ದರೆ ಗುರಾಣಿ ಉಂಟು, 2004ರದ್ದಾದರೆ ಇಲ್ಲ. ಅದೇ ಇಬ್ಬರು, ಅದೇ ಹಣ, ಅದೇ ತೆಂಗಿನ ಸಾಲು. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಮನಸ್ಸಾಕ್ಷಿಗೆ ಮಾತ್ರ ಆ ತಾರೀಖಿನ ಹಂಗಿಲ್ಲ.

ಇನ್ನರ್ಧ ನಿಜವನ್ನು ವಕೀಲರು ಹೇಳಲಿಲ್ಲ. ನೋಂದಣಿಯಾಗದ ಕರಾರನ್ನೇ ಮುಂದಿಟ್ಟು "ಇದರಂತೆ ನಡೆದುಕೊಳ್ಳಲಿ" ಎಂದು ದಾವೆ ಹೂಡಬಹುದು. ನಿರ್ದಿಷ್ಟ ಪಾಲನೆಯ ದಾವೆ ಅಂತಾರೆ. ನೋಂದಣಿ ಕಾಯ್ದೆಯ 49ನೆಯ ಕಲಮು ಅಂಥ ದಾವೆಯಲ್ಲಿ ಆ ಕಾಗದವನ್ನು ಸಾಕ್ಷ್ಯವಾಗಿ ನೋಡಲು ಬಿಡುತ್ತದೆ. ಅವಧಿ ಮೂರು ವರ್ಷ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರಿನವರು 'ಮಾಡಿಕೊಡುವುದಿಲ್ಲ' ಅಂದದ್ದು ತಿಳಿದ ದಿನದಿಂದ. ಹಾಗಿದ್ದರೂ ಜನ ಈ ದಾವೆ ಬಿಟ್ಟು ಬರೀ ತಡೆಯಾಜ್ಞೆಯ ದಾವೆಗೆ ಯಾಕೆ ಓಡುತ್ತಾರೆ? ಪಾಲನೆಯ ದಾವೆಗೆ ಕ್ರಯದ ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು, ಬರೀ ತಡೆಯಾಜ್ಞೆಗೆ ಸಾಕಷ್ಟು ಕಡಿಮೆ. ಪಾಲನೆಯ ದಾವೆಯಲ್ಲಿ ಕರಾರು ನಿಜ, ಹಣ ಕೊಟ್ಟದ್ದು ನಿಜ, ನಾನು ಸದಾ ಸಿದ್ಧನಿದ್ದೆ ಎಂದೆಲ್ಲ ರುಜುವಾತು ಮಾಡಬೇಕು. ತಡೆಯಾಜ್ಞೆಯ ದಾವೆಯಲ್ಲಿ ನಾನು ಇಲ್ಲಿದ್ದೇನೆ, ನನ್ನನ್ನು ಎಬ್ಬಿಸುತ್ತಿದ್ದಾರೆ ಅಂದರೆ ಆಯಿತೆಂದು ತೋರುತ್ತದೆ. ಮೇಲಾಗಿ, ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಅದು ಕಟ್ಟದ ಬಾಂಡ್ ಪೇಪರು ಕೋರ್ಟಿನ ಕೈಗೆ ಸಿಕ್ಕಿದರೆ ಅಲ್ಲೇ ಜಪ್ತಿ, ಬಾಕಿ ಶುಲ್ಕದ ಮೇಲೆ ಹತ್ತು ಪಟ್ಟು ದಂಡ. ಹೀಗಾಗಿ ಕಾಗದ ಇದ್ದವರೂ ಅದನ್ನು ತೋರಿಸಲು ಹೆದರುತ್ತಾರೆ.

ಈ ಅಡ್ಡದಾರಿಯನ್ನು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಬಹುಮಟ್ಟಿಗೆ ಮುಚ್ಚಿತು. 1996ರಲ್ಲಿ ಹತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಬರೆದ, ನೋಂದಣಿಯಾಗದ ಕರಾರನ್ನು ನೆಚ್ಚಿ ಶಾಶ್ವತ ನಿರ್ಬಂಧಕಾಜ್ಞೆ ಮಾತ್ರ ಕೇಳಿದ್ದ ಪ್ರಕರಣ ಅದು. ಪಾಲನೆಯ ದಾವೆಯಲ್ಲಿ ನೇರವಾಗಿ ಕೇಳಬೇಕಾದದ್ದನ್ನು ಜಾಣತನದಿಂದ ತಡೆಯಾಜ್ಞೆಯ ವೇಷದಲ್ಲಿ ಕೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ತರ್ಕ ಸರಿಯಾಗಿದೆ. ಆದರೆ ಇನ್ನೊಂದು ಕಡೆ 2003ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಅದೇ ಕೋರ್ಟು ಬೇರೆಯದೇ ಒಂದು ಮಾತನ್ನು ಗಟ್ಟಿ ಮಾಡಿತ್ತು. ನೆಲೆಯೂರಿದ ಸ್ವಾಧೀನದಲ್ಲಿ ಇರುವವರನ್ನು, ಅವರಿಗೆ ಹಕ್ಕುಪತ್ರ ಇರಲಿ ಬಿಡಲಿ, ಕಾನೂನಿನ ದಾರಿಯಲ್ಲಲ್ಲದೆ ತೋಳ್ಬಲದಿಂದ ಎಬ್ಬಿಸುವ ಅಧಿಕಾರ ನಿಜವಾದ ಮಾಲೀಕರಿಗೂ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿಚಿತ್ರ ಕಾಣುತ್ತದೆ. ಕಾಗದ ತೋರಿಸಿ 'ಇವರು ನನಗೆ ಮಾರಿದ್ದಾರೆ' ಅಂದವರ ದಾವೆ ಕುಂಟುತ್ತದೆ. ಕಾಗದ ಬಚ್ಚಿಟ್ಟು 'ನಾನು ಇಷ್ಟು ವರ್ಷದಿಂದ ಇಲ್ಲಿದ್ದೇನೆ' ಅಂದವರದು ನಡೆದಾಡುತ್ತದೆ. ಹಣ ಕೊಟ್ಟವರಿಗಿಂತ ಬರೀ ಕೂತವರ ಮಾತಿಗೆ ತೂಕ ಬಂದ ಹಾಗೆ. ಕಾನೂನಿನ ಕಣ್ಣಿನಲ್ಲಿ ಇದು ವಿರೋಧಾಭಾಸ ಅಲ್ಲವಂತೆ: ಒಂದು ಹಕ್ಕಿನ ಪ್ರಶ್ನೆ, ಇನ್ನೊಂದು ಶಾಂತಿಯ ಪ್ರಶ್ನೆ. ಇರಬಹುದು. ತೆಂಗು ನೆಟ್ಟವರಿಗೆ ಇದನ್ನು ವಿವರಿಸಿ ಹೇಳುವ ಕೆಲಸ ನನಗೆ ಬೇಡ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 'ಎ ಟ್ರೀಟೈಸ್ ಆಫ್ ಹ್ಯೂಮನ್ ನೇಚರ್' ಗ್ರಂಥದ ಮೂರನೆಯ ಭಾಗವನ್ನು 1740ರಲ್ಲಿ ಪ್ರಕಟಿಸಿದ. ಸಮಾಜದ ನೆಮ್ಮದಿ ಮೂರು ನಿಯಮಗಳ ಮೇಲೆ ನಿಂತಿದೆ ಅಂತ ಅದರಲ್ಲಿ ಹೇಳುತ್ತಾನೆ. ಒಬ್ಬರ ವಶದಲ್ಲಿರುವುದು ಸ್ಥಿರವಾಗಿರಬೇಕು, ಅದು ಕೈ ಬದಲಾಗುವುದು ಒಪ್ಪಿಗೆಯಿಂದ ಮಾತ್ರ, ಕೊಟ್ಟ ಮಾತು ನಡೆಯಬೇಕು. ಪುಸ್ತಕದಲ್ಲಿ ಮೂರೂ ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಲ್ಲುತ್ತವೆ. ನಮ್ಮ ಎರಡು ಎಕರೆಯಲ್ಲಿ ಅವು ಜಗಳಕ್ಕೆ ಬಿದ್ದಿವೆ. ವಶ ಕೊಂಡವರದು, ಮಾತು ಅವರ ಪರ, ಆದರೆ ಕೈ ಬದಲಾದ ವಿಧಿ ಪೂರ್ತಿಯಾಗಿಲ್ಲ. ಆ ವಿಧಿಯ ಬಗ್ಗೆಯೂ ಹ್ಯೂಮ್‌ಗೆ ಸ್ವಲ್ಪ ಮೋಜು ಇತ್ತು. ಉಗ್ರಾಣ ಕೊಟ್ಟೆನೆಂದು ಅದರ ಬೀಗದಕೈ ಕೊಡುವುದು, ಜಹಗೀರು ಕೊಟ್ಟೆನೆಂದು ಒಂದಿಷ್ಟು ಕಲ್ಲುಮಣ್ಣು ಕೈಗಿಡುವುದು, ಇವೆಲ್ಲ ಕಣ್ಣಿಗೆ ಕಾಣದ ಹಕ್ಕನ್ನು ಮನಸ್ಸಿಗೆ ಕಾಣಿಸುವ ಆಟಗಳು ಅನ್ನುತ್ತಾನೆ. ಇವತ್ತು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ಯಾಮೆರಾ ಕಡೆ ನೋಡಿ, ಸ್ಕ್ಯಾನರಿನ ಮೇಲೆ ಹೆಬ್ಬೆಟ್ಟು ಒತ್ತುವುದೂ ಅದೇ ಕಲ್ಲುಮಣ್ಣಿನ ಮೊಮ್ಮಗು.

ಆದರೆ ನೋಂದಣಿಯನ್ನು ಬರೀ ಆಟ ಅಂದುಬಿಟ್ಟರೆ ಅನ್ಯಾಯವಾದೀತು. ಮಾತಿಗೆ ತಪ್ಪದಿರುವುದು ಅಂದ ಕೂಡಲೆ ಕನ್ನಡದವರಿಗೆ ಪುಣ್ಯಕೋಟಿ ನೆನಪಾಗುತ್ತಾಳೆ. ಅವಳ ಕರಾರಿಗೆ ಬಾಂಡ್ ಪೇಪರು ಇರಲಿಲ್ಲ, ಸಾಕ್ಷಿಗಳ ರುಜು ಇರಲಿಲ್ಲ. ಗಮನಿಸಬೇಕಾದದ್ದು, ಆ ಕರಾರಿನಲ್ಲಿ ಇದ್ದವರು ಇಬ್ಬರೇ: ಹಸು ಮತ್ತು ಹುಲಿ. ಎರಡನೆಯ ಹುಲಿಯೊಂದು ಬಂದು 'ಈ ಹಸುವನ್ನು ನಾನು ನಿನ್ನೆಯೇ ಕೊಂಡಿದ್ದೇನೆ, ನಿಮ್ಮ ಮಾತು ನನಗೆ ಗೊತ್ತಿರಲಿಲ್ಲ' ಎಂದಿದ್ದರೆ? ಜಮೀನಿನಲ್ಲಿ ಈ ಎರಡನೆಯ ಹುಲಿ ಯಾವಾಗಲೂ ಇರುತ್ತದೆ. ಮಾತು ಇಬ್ಬರ ನಡುವಿನದು. ಒಡೆತನ ಊರಿಗೆಲ್ಲ ಎದುರಾಗಿ ನಿಲ್ಲುವಂಥದ್ದು. ಊರಿಗೆ ಅನ್ವಯಿಸುವುದು ಊರಿಗೆ ಗೊತ್ತಿರಬೇಕು. ಅದಕ್ಕೇ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಮನೆ, ಹೊಲ ಮಾರುವಾಗ ನೆರೆಹೊರೆಯವರ ಎದುರಿಗೆ ಎಲ್ಲೆಗಳನ್ನು ಹೇಳಿ ಮೂರು ಸಲ ಸಾರಬೇಕೆಂಬ ಕಟ್ಟಳೆ ಇದೆ. ನಮ್ಮ ಕಡೆಯ ದಾನಶಾಸನಗಳು ಚಕ್ಕುಬಂದಿ, ಸಾಕ್ಷಿಗಳು, ಕೊನೆಗೆ ಶಾಪ ಎಲ್ಲವನ್ನೂ ಕಲ್ಲಿನಲ್ಲೇ ಕೊರೆದು ದಾರಿ ಬದಿಗೆ ನಿಲ್ಲಿಸಿದವು. ರಿಜಿಸ್ಟರೂ ಅದೇ, ತಡೆಯಾಜ್ಞೆಯೂ ಅದೇ.

ಹಳ್ಳಿಯಲ್ಲಿ ಈ ಸಾರುವ ಕೆಲಸ ತಾನಾಗಿಯೇ ಆಗುತ್ತಿತ್ತು. ಆ ಎರಡು ಎಕರೆಯಲ್ಲಿ ತೆಂಗು ಹಾಕಿದವರು ಯಾರು, ಯಾಕೆ ಹಾಕಿದರು ಎಂದು ಊರಿಗೆ ಗೊತ್ತಿತ್ತು. ಊರೇ ರಿಜಿಸ್ಟರು. ಆಮೇಲೆ ಆ ರಿಜಿಸ್ಟರಿನ ಹಾಳೆಗಳು ಒಂದೊಂದಾಗಿ ಉದುರಿದವು. ರುಜು ಹಾಕಿದ ಸಾಕ್ಷಿಗಳು ಸತ್ತರು. ಅವರ ಮಕ್ಕಳು ಬೆಂಗಳೂರು, ಮುಂಬೈ, ದೆಹಲಿ ಅಂತ ಹೊರಟರು. ಈಗ ಹೆದ್ದಾರಿ ಬದಿಯಲ್ಲಿ ಜಾಗ ಹುಡುಕಿಕೊಂಡು ಬರುವವರು ಫೋನಿನಲ್ಲೇ ಪಹಣಿ, ಋಣಭಾರ ಪತ್ರ ತೆಗೆದು ನೋಡುತ್ತಾರೆ. ಅದರಲ್ಲಿ ತೆಂಗಿಲ್ಲ. (ಹೊಲದಲ್ಲಿ ಬೇರೆಯವರು ಇದ್ದರೆ ಅವರ ಹಕ್ಕೇನೆಂದು ವಿಚಾರಿಸಿಕೊಳ್ಳುವುದು ಕೊಳ್ಳುವವರ ಹೊಣೆ, ವಿಚಾರಿಸದಿದ್ದರೂ ಅವರಿಗೆ ತಿಳಿದಿತ್ತೆಂದೇ ಲೆಕ್ಕ ಎಂದು ಕಾಯ್ದೆಯ ಮೂರನೆಯ ಕಲಮು ಹೇಳುತ್ತದೆ. ಒಳ್ಳೆಯ ಮಾತು. ಹೋಗಿ ನೋಡುವವರು ಎಷ್ಟು ಜನ?)

ನೋಂದಣಿ ಮಾಡಿಸದವರು ಸೋಮಾರಿಗಳು, ಶುಲ್ಕ ಉಳಿಸಿದವರು ಎಂಬ ಮಾತೂ ಸುಲಭವಾಗಿ ಬರುತ್ತದೆ. ಶುಲ್ಕ ಉಳಿಸಿದವರು ಬೇಕಾದಷ್ಟು ಜನ ಇದ್ದಾರೆ, ಅವರ ಪರ ನನ್ನ ವಕಾಲತ್ತಿಲ್ಲ. ಆದರೆ ಎಷ್ಟೋ ಸಲ ಬಾಗಿಲು ಮುಚ್ಚಿದ್ದು ಕಾನೂನೇ. ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದವು. 2020ರಲ್ಲಿ ಅವನ್ನು ತೆಗೆಯುವ ತನಕ ಎಷ್ಟೋ ವ್ಯವಹಾರ ಕರಾರು ಮತ್ತು ಜಿಪಿಎ ಮೇಲೆಯೇ ನಡೆಯಿತು. 1966ರ ತುಂಡುಭೂಮಿ ತಡೆ ಕಾಯ್ದೆ ಇದ್ದ ಕಾಲದಲ್ಲಿ ಸಣ್ಣ ತುಣುಕಿನ ಕ್ರಯಪತ್ರ ಮಾಡಿಸಲು ಆಗುತ್ತಿರಲಿಲ್ಲ. ಅಂಥದೇ ಒಂದು ಪ್ರಕರಣ. 1990ರಲ್ಲಿ ಪೂರ್ತಿ ಹಣ ಕೊಟ್ಟು, ಸ್ವಾಧೀನ ಪಡೆದು, ನಿರ್ಬಂಧ ತೆರವಾದ ಮೇಲೆ ಕ್ರಯಪತ್ರ ಮಾಡಿಕೊಡುವುದೆಂದು ಕರಾರು. 1991ರಲ್ಲಿ ಆ ಕಾಯ್ದೆಯೇ ರದ್ದಾಯಿತು. ಮಾರಿದವರು ಮಾಡಿಕೊಡಲಿಲ್ಲ. ಕರಾರೇ ಕಾಯ್ದೆಗೆ ವಿರುದ್ಧ ಎಂದು ಹೈಕೋರ್ಟು ಕೊಂಡವರ ದಾವೆಯನ್ನು ತಳ್ಳಿಹಾಕಿತು. 2023ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಕರಾರಿನಿಂದ ಒಡೆತನ ಬರುವುದಿಲ್ಲವಾದ್ದರಿಂದ ಕರಾರು ಮಾಡಿಕೊಂಡದ್ದು ಆ ಕಾಯ್ದೆಯ ಉಲ್ಲಂಘನೆಯಲ್ಲ ಎಂಬ ನೆಲೆಯಲ್ಲಿ. ಸಾಮಾನ್ಯವಾಗಿ ಕೊಂಡವರನ್ನು ಹೊಡೆಯುವ ಕೋಲೇ ಇಲ್ಲಿ ಅವರಿಗೆ ಊರುಗೋಲಾಯಿತು. ನಡುವೆ ಮೂವತ್ತಮೂರು ವರ್ಷ ಹೋಗಿತ್ತು.

ನಮ್ಮವರು ಹೋಗಿ ನೆಲೆಸಿರುವ ಊರುಗಳಲ್ಲೂ ಇದೇ ಕಥೆಯ ಬೇರೆ ಬೇರೆ ಅವತಾರಗಳಿವೆ. ಹೈದರಾಬಾದಿನಲ್ಲಿರುವವರು 'ಸಾದಾ ಬೈನಾಮಾ' ಎಂಬ ಪದವನ್ನು ಪತ್ರಿಕೆಗಳಲ್ಲಿ ನೋಡಿರುತ್ತಾರೆ. ಬಿಳಿ ಹಾಳೆಯ ಮೇಲೆ ಬರೆದ ಕ್ರಯ ಅಂತ ಅರ್ಥ. ತೆಲಂಗಾಣ ಸರ್ಕಾರ 2016ರಲ್ಲಿ, ಮತ್ತೆ 2020ರಲ್ಲಿ ಇವುಗಳ ಸಕ್ರಮಕ್ಕೆ ಅರ್ಜಿ ಕರೆದಾಗ ಬಂದದ್ದು ಲಕ್ಷಗಟ್ಟಲೆ. 2020ರ ಅರ್ಜಿಗಳು ಹೈಕೋರ್ಟಿನ ತಡೆಗೆ ಸಿಕ್ಕಿ ನಿಂತವು, 2025ರ ಭೂ ಭಾರತಿ ಕಾಯ್ದೆಯಲ್ಲಿ ಮತ್ತೆ ದಾರಿ ತೆಗೆದರು. ದೆಹಲಿಯಲ್ಲಿ ಇದು ಇನ್ನೂ ಸ್ಪಷ್ಟ. ಜಿಪಿಎ, ಕರಾರು, ಮರಣಶಾಸನ ಸೇರಿಸಿ ಮಾಡುವ 'ಮಾರಾಟ'ದಿಂದ ಒಡೆತನ ಬರುವುದಿಲ್ಲ ಎಂದು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರಲ್ಲಿ ಸಂಸತ್ತು ದೆಹಲಿಯ 1,731 ಅನಧಿಕೃತ ಬಡಾವಣೆಗಳ ನಿವಾಸಿಗಳಿಗೆ ಅವೇ ಕಾಗದಗಳ ಆಧಾರದ ಮೇಲೆ ಒಡೆತನ ಕೊಡುವ ಕಾಯ್ದೆ ಮಾಡಿತು. ಎರಡನ್ನೂ ನಾನು ತಪ್ಪು ಅನ್ನಲಾರೆ. ಆದರೆ ಇಂಥ ಕಾಗದ ಲಕ್ಷ ಜನರ ಬಳಿ ಇದ್ದರೆ ಅದಕ್ಕೊಂದು ಕಾಯ್ದೆ ಹುಟ್ಟುತ್ತದೆ, ಹಾಸನದ ಕಡೆ ಒಬ್ಬರ ಟ್ರಂಕಿನಲ್ಲಿ ಇದ್ದರೆ ವಕೀಲರು 'ಬೆಲೆ ಇಲ್ಲ' ಅನ್ನುತ್ತಾರೆ. ಆ ಒಬ್ಬರಿಗೆ ಉಳಿಯುವುದು ಮಾರಿದವರ ಮನೆಯವರ ನೆನಪು ಮಾತ್ರ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದನ್ನು ಬಿಟ್ಟರೆ ಈ ಬರಹ ಊರಿನವರೆಲ್ಲ ಸಾಚಾ, ಊರು ಬಿಟ್ಟವರೆಲ್ಲ ದುರಾಸೆಯವರು ಎಂಬ ಹಾಡಾಗಿಬಿಡುತ್ತದೆ. ಸತ್ತವರ ಹೆಸರಿನಲ್ಲಿ ಹುಟ್ಟುವ ಕರಾರುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಹಳೆಯ ತಾರೀಖಿನ ಛಾಪಾ ಕಾಗದ, ಅಳಿಸಿಹೋದಂತಿರುವ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಸತ್ತಿದ್ದಾರೆ, ಇನ್ನೊಬ್ಬರು ಕೊಂಡವರ ಷಡ್ಡಕ. ಬೀಳುಬಿಟ್ಟ ಹೊಲ, ಮುಂಬೈಯಲ್ಲಿರುವ ಮಾಲೀಕರು. ಒಂದು ಬೆಳಿಗ್ಗೆ ಬೇಲಿ ಎದ್ದಿರುತ್ತದೆ, ಕೇಳಹೋದರೆ ಕೈಯಲ್ಲಿ ತಡೆಯಾಜ್ಞೆ. ಮೇಲ್ನೋಟಕ್ಕೆ ಕೇಸು ಇದೆಯೇ, ತಡೆದರೆ ಯಾರಿಗೆ ಹೆಚ್ಚು ತೊಂದರೆ, ತಡೆಯದಿದ್ದರೆ ಆಗುವ ನಷ್ಟ ತುಂಬಿಕೊಡಲು ಆಗುವಂಥದ್ದೇ ಎಂಬ ಮೂರು ಪ್ರಶ್ನೆಗಳನ್ನು ನ್ಯಾಯಾಧೀಶರು ಕೇಳಿಕೊಳ್ಳಬೇಕು, ಕೇಳಿಕೊಳ್ಳುತ್ತಾರೆ ಕೂಡ. ಆದರೆ ಮೊದಲ ದಿನ ಅವರ ಮುಂದೆ ಇರುವುದು ಒಂದು ಪಕ್ಷದ ಪ್ರಮಾಣಪತ್ರ, ನಾಲ್ಕು ಫೋಟೋ, ಒಂದು ಕಾಗದ. ಮಾಲೀಕರು ವಾಯಿದೆಗೊಮ್ಮೆ ರಜೆ ಹಾಕಿ, ರಾತ್ರಿ ಬಸ್ಸು ಹತ್ತಿ ಬರಬೇಕು. ನಾಲ್ಕನೆಯ ವಾಯಿದೆಗೆ ಎದುರಿನವರಿಂದ ರಾಜಿಯ ಮಾತು ಬರುತ್ತದೆ, ಅಗ್ಗದ ಬೆಲೆಗೆ. ಇಂಥವರಿಗೆ 2022ರ ತೀರ್ಪು ಉಸಿರು ಬಿಡುವಷ್ಟು ಜಾಗ ಕೊಟ್ಟಿದೆ. ಸತ್ತವರು ಎದ್ದು ಬಂದು 'ಇದು ನನ್ನ ರುಜು ಅಲ್ಲ' ಅನ್ನಲಾರರು. ಅವರ ಪರವಾಗಿ ಅನ್ನುವುದು ಉಪನೋಂದಣಾಧಿಕಾರಿಯ ಪುಸ್ತಕ ಒಂದೇ.

ಅಂದರೆ ನೋಂದಣಿಯ ನಿಯಮ ಇರುವುದು ಕೋರ್ಟಿಗೆ ತಿಳಿಯದು ಎಂಬ ಕಾರಣಕ್ಕೆ. ಕರಿಕೋಟಿನ ಇಬ್ಬರು ಎರಡು ಕಥೆ ಹೇಳುತ್ತಾರೆ, ಯಾವುದು ನಿಜ ಅಂತ ಕುರ್ಚಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ಇಲ್ಲದ್ದನ್ನು ನಂಬಲಾರೆವು ಎಂಬ ಕಟ್ಟು ಹಾಕಿಕೊಂಡಿದ್ದಾರೆ. ಈಗ ಪುಣೆಯ ಮಗನ ಕಡೆ ತಿರುಗಿದರೆ, ಅವರ ಸ್ಥಿತಿ ನ್ಯಾಯಾಧೀಶರ ಸ್ಥಿತಿಯಲ್ಲ. ಅವರಿಗೆ ಗೊತ್ತು. 1998ರ ಫೀಸು ಎಲ್ಲಿಂದ ಬಂತು ಎಂದು ಗೊತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ಆ ತೋಟದ ಎಳನೀರು ಕುಡಿದಿದ್ದಾರೆ, 'ಅವರ ತೋಟ' ಎಂದೇ ಕರೆದಿದ್ದಾರೆ. ಅಮ್ಮ ಇದ್ದರೆ ಒಂದು ಮಾತು ಕೇಳಿದರೆ ಸಾಕು. ತಿಳಿಯದವರಿಗಾಗಿ ಮಾಡಿದ ಆಸರೆಯೊಳಗೆ ತಿಳಿದವರು ಹೋಗಿ ಕೂತುಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ. ಕೂತರೆ ಕೋರ್ಟು ಎಬ್ಬಿಸಲಿಕ್ಕಿಲ್ಲ. ಆದರೆ 'ಕೋರ್ಟೇ ನಮ್ಮ ಪರ ಹೇಳಿತಲ್ಲ' ಎಂಬ ಮಾತನ್ನು ಅವರು ಆಡಲು ಬರುವುದಿಲ್ಲ. ಕೋರ್ಟು ಹೇಳಿದ್ದು 'ನಮಗೆ ಗೊತ್ತಾಗುವ ದಾರಿಯಲ್ಲಿ ಇದು ಬಂದಿಲ್ಲ' ಎಂದಷ್ಟೇ. ಅಪ್ಪ ಮಾರಿಲ್ಲ ಎಂದು ಅದು ಹೇಳಿಲ್ಲ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು, ಕೆಲವು ಹಗುರವಾದವಲ್ಲ. ಅಂದಿನ ಬೆಲೆ ಏನು, ಇಂದಿನ ಬೆಲೆ ಏನು ಎಂಬುದು ಹಗುರವಾದದ್ದು. ಬೆಲೆ ಬಿದ್ದಿದ್ದರೆ ಹಣ ವಾಪಸು ಕೊಡುತ್ತಿದ್ದರೇ? ಆದರೆ ತಂಗಿಯ ಮಾತು ಹಗುರವಲ್ಲ. "ಆ ದುಡ್ಡಲ್ಲಿ ಓದಿದ್ದು ಅಣ್ಣ. ನನ್ನನ್ನು ಪಿಯುಸಿಗೇ ನಿಲ್ಲಿಸಿ ಮದುವೆ ಮಾಡಿದ್ರಿ. ಈಗ ನನಗೂ ಪಾಲು ಬರೋ ಹೊತ್ತಿಗೆ ಅಪ್ಪ ಕೊಟ್ಟ ಮಾತು ನೆನಪಾಯ್ತಾ?" ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರಲ್ಲಿ ಕಾಯ್ದೆ ತಿದ್ದಿದ ಮೇಲೆ ಈ ಮಾತಿಗೆ ಮನೆಯಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬಲ ಬಂದಿದೆ. ಮಾತು ಉಳಿಸಿಕೊಳ್ಳುವ ಪುಣ್ಯ ಅಣ್ಣನದು, ಬಿಟ್ಟುಕೊಡುವ ಪಾಲು ತಂಗಿಯದೂ ಹೌದು. ಅವಳ ರುಜುವನ್ನು ಧರ್ಮದ ಹೆಸರಿನಲ್ಲಿ ಪುಕ್ಕಟೆಯಾಗಿ ಕೇಳುವುದು ಇನ್ನೊಂದು ಅನ್ಯಾಯ. ಅಪ್ಪನ ಕರಾರಿನ ಫಲ ಉಂಡವರು ಅಣ್ಣನಾದರೆ ಅವಳ ಪಾಲಿನ ಲೆಕ್ಕವನ್ನು ಅಣ್ಣ ತನ್ನ ಕಿಸೆಯಿಂದ ತುಂಬಬೇಕು ಅನ್ನುವುದು ನನ್ನ ಅಭಿಪ್ರಾಯ. ಎಷ್ಟು, ಯಾವ ಬೆಲೆಯಲ್ಲಿ ಎಂಬುದನ್ನು ಅವರಿಬ್ಬರೇ ಕೂತು ಮಾತಾಡಬೇಕು. ಇದಕ್ಕೆ ಯಾವ ಕಲಮೂ ಇಲ್ಲ.

ಇಷ್ಟಾಗಿ ಎಲ್ಲರೂ ಒಪ್ಪಿದರೆ ಮುಂದಿನ ಕೆಲಸ ಸಣ್ಣದೇನೂ ಅಲ್ಲ. ಮೊದಲು ಪೌತಿ ಖಾತೆ ವಾರಸುದಾರರ ಹೆಸರಿಗೆ ಆಗಬೇಕು. ಆಮೇಲೆ ಕ್ರಯಪತ್ರಕ್ಕೆ ಎಲ್ಲರೂ ಬರಬೇಕು, ಬರಲಾಗದವರು ಅಧಿಕಾರಪತ್ರ ಕಳಿಸಬೇಕು. ಪತ್ರದಲ್ಲಿ 'ಕ್ರಯದ ಹಣ 1998ರಲ್ಲೇ ನಮ್ಮ ತಂದೆಯವರಿಗೆ ಪೂರ್ತಿ ಸಂದಿರುತ್ತದೆ' ಎಂಬ ಸಾಲು ಇರಬೇಕು. ಕೋರ್ಟಿನಲ್ಲಿರುವ ದಾವೆಯನ್ನು ರಾಜಿ ಮಾಡಿಕೊಂಡೋ ವಾಪಸು ಪಡೆದೋ ಮುಗಿಸಬೇಕು. ಮುದ್ರಾಂಕ ಶುಲ್ಕ ಮಾತ್ರ 1998ರ ಹಣದ ಮೇಲಲ್ಲ, ಇವತ್ತಿನ ಮಾರ್ಗಸೂಚಿ ಬೆಲೆಯ ಮೇಲೆ. ಹೆದ್ದಾರಿ ಬದಿಯ ಎರಡು ಎಕರೆಗೆ ಅದು ಅಂದು ಕೊಟ್ಟ ಪೂರ್ತಿ ಬೆಲೆಗಿಂತ ಹೆಚ್ಚಾದರೂ ಆದೀತು. ಕರಾರಿನಲ್ಲಿ 'ತಮ್ಮ ಖರ್ಚಿನಲ್ಲಿ' ಎಂದು ಬರೆದಿದೆಯಲ್ಲ ಅಂತ ಮಕ್ಕಳು ಹೇಳಬಹುದು. ಖಾತೆ ಆದ ವರ್ಷವೇ ನಿಮ್ಮಪ್ಪ ಒಂದು ಮಾತು ಹೇಳಿದ್ದರೆ ಇಷ್ಟು ಖರ್ಚು ಬರುತ್ತಿತ್ತೇ ಎಂದು ತೆಂಗು ನೆಟ್ಟವರು ಕೇಳಬಹುದು. ನೀವೂ ಕೇಳಲಿಲ್ಲವಲ್ಲ ಎಂದು ಇವರು ಅನ್ನಬಹುದು. ಅರ್ಧ ಅರ್ಧ ಹಾಕಿಕೊಳ್ಳೋಣ ಅಂತ ಯಾರಾದರೂ ಹಿರಿಯರು ನಡುವೆ ಬಾಯಿ ಹಾಕುವ ತನಕ ಈ ಮಾತು ಆ ತೋಟದ ಕಟ್ಟೆಯ ಮೇಲೆಯೇ ನಡೆಯುತ್ತಿರುತ್ತದೆ.